ಒಂದು ಒಗಟಿನ ಜೀರ್ಣೋದ್ಧಾರ

ಕಥೆಗಳಲ್ಲಿ ಎರಡು ಬಗೆಯುಂಟು. ಮುಂದೇನಾಗುವುದೆಂದು ತಿಳಿದಿದ್ದರೂ ಮತ್ತೆ ಮತ್ತೆ ಕೇಳಬೇಕೆನಿಸುವುದು ಒಂದು. ತಿಳಿದೊಡನೆ ತೀರಿಹೋಗುವುದು ಮತ್ತೊಂದು. ಭಾರತದ ಕಥೆಯು ಪಂಪನ ಕೇಳುಗರಿಗೆ ಹೊಸದಾಗಿರಲಿಲ್ಲ, ಕುಮಾರವ್ಯಾಸನ ಕೇಳುಗರಿಗೂ ಹೊಸದಾಗಿರಲಿಲ್ಲ. ಕರ್ಣನು ಮಡಿಯುವನೆಂಬುದನ್ನು ಬಲ್ಲವನೇ ಅವನ ಮರಣವನ್ನು ಕೇಳಿ ಕಣ್ಣೊರಸಿಕೊಳ್ಳುವನು. ಒಗಟಿನ ಮಾತು ಹಾಗಲ್ಲ. ಉತ್ತರವನ್ನು ಬಲ್ಲವನಿಗೆ ಒಗಟು ಒಗಟೇ ಅಲ್ಲ. ರಸವು ಅರಿವಿನಿಂದ ಕುಗ್ಗದು. ಕುತೂಹಲವು ಅರಿವಿನೊಡನೆ ಮುಗಿಯುವುದು. ಹೀಗಿರಲು, ಈ ಎರಡನ್ನೂ ಒಡಲಲ್ಲಿಟ್ಟುಕೊಂಡ ಕೃತಿಯೊಂದಕ್ಕೆ ಮುಪ್ಪು ಬಂದಾಗ, ಅದನ್ನು ಹೊಸ ತಲೆಮಾರಿನವರಿಗಾಗಿ ಮರಳಿ ಕಟ್ಟಹೊರಟವನು ಯಾವುದನ್ನು ಉಳಿಸತಕ್ಕದ್ದು, ಯಾವುದನ್ನು ಬದಲಿಸತಕ್ಕದ್ದು?

ಈ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಗಣಕಯಂತ್ರದ ಆಟಗಳ ಕ್ಷೇತ್ರದಲ್ಲಿ ಸ್ಫುಟವಾಗಿ ಎದ್ದು ನಿಂತಿದೆ. ಆಟದ ವಿಷಯದಲ್ಲಿ ಧರ್ಮಾಧರ್ಮವಿಚಾರವೇ ಎಂದು ಕೆಲವರು ನಕ್ಕಾರು. ಆದರೆ ಗ್ರಂಥವಾಗಲಿ, ಗುಡಿಯಾಗಲಿ, ಆಟವಾಗಲಿ, ಲಕ್ಷಾಂತರ ಜನರ ನೆನಪಿನಲ್ಲಿ ನೆಲೆಗೊಂಡ ಮೇಲೆ ಅದನ್ನು ಮುಟ್ಟುವ ಕೈಗೆ ಹೊಣೆಯೊಂದು ಬಂದೇ ಬರುವುದು. ಆ ಹೊಣೆಯ ಸ್ವರೂಪವು ಸಣ್ಣ ವಿಚಾರವಲ್ಲ.

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಸ್ಪೋಕೇನ್ ನಗರದ ಬಳಿ, ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ತಮ್ಮ ಸಯಾನ್ ಎಂಬ ಸಣ್ಣ ಸಂಸ್ಥೆಯಲ್ಲಿ ಒಂದು ಆಟವನ್ನು ರಚಿಸಿದರು. 1993ರಲ್ಲಿ ಹೊರಬಂದ ಅದರ ಹೆಸರು ‘ಮಿಸ್ಟ್’. ಆಡುವವನು ನಿರ್ಜನವಾದ ಒಂದು ದ್ವೀಪದಲ್ಲಿ ಕಣ್ಣು ತೆರೆಯುತ್ತಾನೆ. ತಾನು ಯಾರು, ಬಂದುದೇಕೆ, ಮಾಡಬೇಕಾದುದೇನು ಎಂದು ಹೇಳುವವರಿಲ್ಲ. ಬೆನ್ನಟ್ಟುವ ಶತ್ರುವಿಲ್ಲ, ಹೊತ್ತಿನ ಮಿತಿಯಿಲ್ಲ, ಅಂಕಗಳ ಲೆಕ್ಕವಿಲ್ಲ. ಒಂದು ಗ್ರಂಥಾಲಯವಿದೆ; ಅಲ್ಲಿ ಸುಟ್ಟುಳಿದ ಕೆಲವು ಪುಸ್ತಕಗಳಿವೆ; ಎರಡು ಪುಸ್ತಕಗಳಲ್ಲಿ ಸೆರೆಸಿಕ್ಕಿರುವ ಇಬ್ಬರು ಸಹೋದರರು ಒಬ್ಬರನ್ನೊಬ್ಬರು ದೂರುತ್ತಾರೆ. ಯಾರ ಮಾತನ್ನು ನಂಬತಕ್ಕದ್ದೆಂಬುದನ್ನು ಅವರು ಬಾಳಿದ ಮನೆಗಳನ್ನೂ ಬಿಟ್ಟುಹೋದ ವಸ್ತುಗಳನ್ನೂ ನೋಡಿ ಆಡುವವನೇ ನಿರ್ಣಯಿಸಬೇಕು. ಆಟದ ಪೆಟ್ಟಿಗೆಯಲ್ಲಿ ಬರಿಯ ಹಾಳೆಗಳ ಪುಸ್ತಕವೊಂದನ್ನು ಇಟ್ಟಿದ್ದರು. ಕಂಡುದನ್ನು ಬರೆದುಕೊಳ್ಳುವುದು, ಬರೆದುದನ್ನು ಕೂಡಿಸಿ ನೋಡುವುದು, ಇದೇ ಆಟ. ಇಂತಹ ಸೌಮ್ಯವಾದ ಕೃತಿಯು 60 ಲಕ್ಷಕ್ಕೂ ಮಿಕ್ಕು ಪ್ರತಿಗಳು ಮಾರಾಟವಾಗಿ, 2002ರವರೆಗೂ ಗಣಕಯಂತ್ರದ ಆಟಗಳಲ್ಲೆಲ್ಲ ಅತ್ಯಧಿಕವಾಗಿ ಮಾರಾಟವಾದುದೆಂಬ ಹೆಸರನ್ನು ಉಳಿಸಿಕೊಂಡಿತು. 1997ರಲ್ಲಿ ಅದರ ಮುಂದಿನ ಭಾಗವಾದ ‘ರಿವೆನ್’ ಐದು ಸಿ.ಡಿ.ಗಳಲ್ಲಿ ಪ್ರಕಟವಾಯಿತು.

ಕಲ್ಲಿನ ಗುಡಿ ಸಾವಿರ ವರ್ಷ ನಿಲ್ಲುವುದು. ಓಲೆಗರಿಯ ಗ್ರಂಥ ಕೆಲವು ನೂರು ವರ್ಷ ಬಾಳುವುದು. ಗಣಕಯಂತ್ರದ ಕೃತಿಗೆ ಇಪ್ಪತ್ತು ವರ್ಷಗಳೇ ಮುಪ್ಪು. ಮಿಸ್ಟ್ ಆಟದ ಚಿತ್ರಗಳು ಅಡ್ಡಲಾಗಿ 544, ಉದ್ದಕ್ಕೆ 333 ಚುಕ್ಕೆಗಳಷ್ಟು ಸಣ್ಣವು. ಅವುಗಳಲ್ಲಿದ್ದ ಬಣ್ಣಗಳು 256 ಮಾತ್ರ. ಅಂದಿನ ಯಂತ್ರಗಳು ಮೂಲೆ ಸೇರಿದವು; ಇಂದಿನ ಯಂತ್ರಗಳಿಗೆ ಹಳೆಯ ಲಿಪಿ ತಿಳಿಯದು. ಓಲೆಗಳು ಶಿಥಿಲವಾದಾಗ ಪ್ರತಿಕಾರನು ಹೊಸ ಗರಿಗಳ ಮೇಲೆ ನಕಲೆತ್ತುತ್ತಿದ್ದನು. ಹಾಗೆ ಎತ್ತಿದುದರಿಂದಲೇ ಹಳಗನ್ನಡದ ಕಾವ್ಯಗಳು ಇಂದಿಗೂ ಉಳಿದಿವೆ. ಆದುದರಿಂದ ಮರಳಿ ಕಟ್ಟುವುದೇ ತಪ್ಪೆಂದು ಯಾರೂ ಹೇಳಲಾರರು. ಕಟ್ಟುವ ಬಗೆ ಹೇಗೆಂಬುದೇ ವಿಚಾರ.

ಮೊದಲ ಪ್ರಯತ್ನವು 2000ದಲ್ಲಿಯೇ ನಡೆಯಿತು. ಮೂಲದಲ್ಲಿ ಆಡುವವನು ನಿಶ್ಚಲವಾದ ಚಿತ್ರದಿಂದ ಚಿತ್ರಕ್ಕೆ ಹೆಜ್ಜೆಯಿಡುತ್ತಿದ್ದನು. ಅಂತಹ ಚಿತ್ರಗಳು ಸುಮಾರು 2,500 ಇದ್ದವು. ‘ರಿಯಲ್‌ಮಿಸ್ಟ್’ ಎಂಬ ಹೊಸ ರೂಪದಲ್ಲಿ ಅವನು ಇಷ್ಟಬಂದೆಡೆಗೆ ನಡೆಯಬಹುದಾಯಿತು, ಹಗಲಿರುಳುಗಳಾಗತೊಡಗಿದವು, ಹೊಸದೊಂದು ಲೋಕವೂ ಸೇರಿಕೊಂಡಿತು. ಮೇಲುನೋಟಕ್ಕೆ ಇದೆಲ್ಲವೂ ಲಾಭವೇ. ಆದರೆ ನಿಶ್ಚಲವಾದ ಚಿತ್ರಕ್ಕೆ ತನ್ನದೇ ಆದ ಒಂದು ಗುಣವಿತ್ತು. ಎಲ್ಲಿ ನಿಲ್ಲಬೇಕು, ಯಾವುದನ್ನು ನೋಡಬೇಕು ಎಂಬುದನ್ನು ರಚಿಸಿದವನೇ ಆರಿಸಿರುತ್ತಿದ್ದನು. ಚೌಕಟ್ಟಿನೊಳಗೆ ಬಂದುದು ಗಮನಕ್ಕೆ ಅರ್ಹವೆಂಬ ನಂಬಿಕೆ ಆಡುವವನಲ್ಲಿ ಮೂಡುತ್ತಿತ್ತು. ಅವನು ಗೋಡೆಯ ಒಂದು ಗುರುತಿನ ಮುಂದೆಯೂ ತಡೆದು ನಿಲ್ಲುತ್ತಿದ್ದನು. ಸ್ವಚ್ಛಂದವಾಗಿ ನಡೆಯಬಲ್ಲವನ ಕಣ್ಣು ಎಲ್ಲೆಡೆಯೂ ಹರಿಯುವುದು, ಎಲ್ಲಿಯೂ ನಿಲ್ಲದು. ಕೊರತೆಯೆಂದು ಎಣಿಸಿ ನೀಗಿದುದರೊಡನೆ ಗುಣವೊಂದೂ ಜಾರಿಹೋಗಬಹುದೆಂಬ ಎಚ್ಚರವು ಜೀರ್ಣೋದ್ಧಾರಕ್ಕೆ ಕೈಹಾಕುವವನಿಗೆ ಮೊದಲು ಇರತಕ್ಕದ್ದು.

ಇದಕ್ಕಿಂತ ಗಹನವಾದ ತೊಡಕು ಉತ್ತರಗಳದು. ಮಿಸ್ಟ್ ಆಟದ ಅಂತ್ಯಕ್ಕೆ ಬೇಕಾದ ಗುಟ್ಟು ಆರಂಭದ ದ್ವೀಪದಲ್ಲಿಯೇ ಅಡಗಿದೆ. ಅದನ್ನು ಬಲ್ಲವನು ಬೇರೆ ಲೋಕಗಳತ್ತ ಕಾಲಿಡದೆ ಕೆಲವೇ ನಿಮಿಷಗಳಲ್ಲಿ ಆಟವನ್ನು ಮುಗಿಸಬಲ್ಲನು. ಹೊಸ ಬಣ್ಣ ಬಳಿದು ಹಳೆಯ ಉತ್ತರವನ್ನು ಹಾಗೆಯೇ ಇರಿಸಿದರೆ, ಹಿಂದೆ ಆಡಿದವನಿಗೆ ಅಲ್ಲಿ ಪ್ರಶ್ನೆಯೇ ಉಳಿಯದು. 2020 ಮತ್ತು 2021ರಲ್ಲಿ ಬಂದ ಹೊಸ ಮಿಸ್ಟ್‌ನಲ್ಲಿ, ಬೇಕೆನ್ನುವವರಿಗೆ ಒಗಟುಗಳ ಉತ್ತರಗಳು ಆಟದಿಂದ ಆಟಕ್ಕೆ ಬೇರೆಯಾಗುವಂತೆ ಮಾಡಲಾಯಿತು. 2024ರ ಜೂನ್ ತಿಂಗಳಲ್ಲಿ ಪ್ರಕಟವಾದ ಹೊಸ ರಿವೆನ್ ಇನ್ನೂ ಮುಂದೆ ಹೋಯಿತು: ಅಲ್ಲಿ ಕೆಲವು ಒಗಟುಗಳೇ ಬದಲಾದವು, ಕೆಲವು ಹೊಸದಾಗಿ ಹುಟ್ಟಿದವು. ಮೂಲಕ್ಕೆ ನಿಷ್ಠನಾಗಿರಬೇಕೆಂಬವನಿಗೆ ಇದು ದ್ರೋಹವಾಗಿ ಕಾಣಬಹುದು. ವಿಚಾರಿಸಿ ನೋಡಿದರೆ ಇದು ನಿಷ್ಠೆಯ ಬೇರೊಂದು ಮುಖ. ಒಗಟಿನ ಸಾರವು ಉತ್ತರದಲ್ಲಿಲ್ಲ. ತಿಳಿಯದಿರುವಿಕೆಯಿಂದ ತಿಳಿವಿಗೆ ಬುದ್ಧಿಯು ತನ್ನ ಕಾಲಮೇಲೆ ತಾನು ನಡೆದುಬರುವ ಹಾದಿಯಲ್ಲಿದೆ. ಉತ್ತರವನ್ನು ಕಾಪಾಡಿ ಹಾದಿಯನ್ನು ಕಳೆದುಕೊಂಡರೆ ಉಳಿದುದು ಸಿಪ್ಪೆ.

ಇಲ್ಲಿಂದ ಒಂದು ಸೂತ್ರವನ್ನು ತೆಗೆಯಬಹುದು: ಕೃತಿಯಲ್ಲಿ ರಸಕ್ಕೆ ಸೇರಿದುದನ್ನು ಉಳಿಸಬೇಕು, ಕುತೂಹಲಕ್ಕೆ ಸೇರಿದುದನ್ನು ನವೀಕರಿಸಬೇಕು. ದ್ವೀಪದ ಗಾಳಿ, ನೀರಿನ ಸದ್ದು, ಬರಿದಾದ ಕೋಣೆಗಳ ವಿಷಾದ, ಇವು ಮತ್ತೆ ಮತ್ತೆ ಕಂಡರೂ ಸವೆಯವು. ಬೀಗದ ಸಂಖ್ಯೆಯು ಒಮ್ಮೆ ತಿಳಿದರೆ ಸವೆಯಿತು.

ಸೂತ್ರವು ಚೆಲುವಾಗಿದೆ, ಆದರೆ ಉತ್ತಮವಾದ ಕೃತಿಯು ಅದಕ್ಕೆ ಅಷ್ಟು ಸುಲಭವಾಗಿ ಒಗ್ಗದು. ರಿವೆನ್ ದ್ವೀಪಗಳನ್ನು ಗೆನ್ ಎಂಬೊಬ್ಬನು ತಾನೇ ದೇವರೆಂದು ಸಾರಿಕೊಂಡು ಆಳುತ್ತಿರುತ್ತಾನೆ. ಅಲ್ಲಿಯ ಮಕ್ಕಳ ಶಾಲೆಯಲ್ಲಿ ಒಂದು ಆಟಿಕೆಯಿದೆ. ಸನ್ನೆಯೊಂದನ್ನು ತಿರುಗಿಸಿದರೆ ಅಪರಿಚಿತವಾದ ಅಂಕಿಯೊಂದು ಕಾಣುವುದು. ತೂಗುಬಿದ್ದ ಪುಟ್ಟ ಮನುಷ್ಯನ ಗೊಂಬೆ ಅಷ್ಟೇ ಮೆಟ್ಟಿಲು ಕೆಳಕ್ಕಿಳಿದು, ಬಾಯ್ದೆರೆದ ಜಲಪ್ರಾಣಿಯತ್ತ ಸಾಗುವುದು. ಇಳಿದ ಮೆಟ್ಟಿಲುಗಳನ್ನು ಎಣಿಸಿ ಆಡುವವನು ಆ ನಾಡಿನ ಅಂಕಿಗಳನ್ನು ಕಲಿಯುತ್ತಾನೆ. ಕಲಿತು ಮುಗಿಯುವಷ್ಟರಲ್ಲಿ ಅವನಿಗೆ ಇನ್ನೊಂದೂ ತಿಳಿದಿರುತ್ತದೆ: ಇಲ್ಲಿ ಮಕ್ಕಳಿಗೆ ಎಣಿಕೆಯ ಜೊತೆಗೆ ಭಯವನ್ನೂ ಕಲಿಸಲಾಗುತ್ತಿದೆ. ಹೊರಗಿನ ಕೊಳದ ಮೇಲೆ ನಿಂತಿರುವ ವಧಸ್ತಂಭವು ಯಾವುದಕ್ಕೆಂಬುದು ಆಗ ಹೊಳೆಯುವುದು. ಇಲ್ಲಿ ಒಗಟಾವುದು, ನಾಡಿನ ಕಥೆಯಾವುದು? ಎರಡೂ ಒಂದೇ ನೂಲಿನ ನೆಯ್ಗೆ. ಇಂತಹ ಕಡೆ ಒಗಟನ್ನು ಬದಲಿಸುವವನು ಅರಿತೋ ಅರಿಯದೆಯೋ ನಾಡಿನ ಸತ್ಯವನ್ನೇ ಮುಟ್ಟುತ್ತಿರುವನು. ಆದುದರಿಂದ ಸೂತ್ರವನ್ನು ಹೀಗೆ ತಿದ್ದಬೇಕು: ಹೊಸ ಒಗಟು ಬೇರೆ ಉತ್ತರವನ್ನು ಕೊಡಲಿ, ಆದರೆ ಹಳೆಯದು ಆ ಲೋಕದ ವಿಷಯವಾಗಿ ನುಡಿದ ಸತ್ಯವನ್ನೇ ತಾನೂ ನುಡಿಯಲಿ. ಜೀರ್ಣೋದ್ಧಾರಕ್ಕೆ ಒರೆಗಲ್ಲು ಇದೇ.

ಇನ್ನೊಂದು ಪಕ್ಷದವರು ಹೇಳುವುದುಂಟು: ಇಂದಿನವರಿಗೆ ತಾಳ್ಮೆಯಿಲ್ಲ, ಅವರಿಗಾಗಿ ಕಟ್ಟುವುದಾದರೆ ದಾರಿ ತೋರುವ ಬಾಣಗಳನ್ನೂ ಕೇಳಿದೊಡನೆ ಉತ್ತರವನ್ನೂ ಇಟ್ಟು ಆಟವನ್ನು ಸುಲಭಗೊಳಿಸಬೇಕು. ಇಲ್ಲಿ ಕಷ್ಟದಲ್ಲಿಯೇ ಎರಡು ವಿಧವನ್ನು ಗುರುತಿಸುವುದು ಅವಶ್ಯ. ಹಳೆಯ ರಿವೆನ್‌ನಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರದೊಳಗಿನ ಸಿ.ಡಿ.ಯನ್ನು ತೆಗೆದು ಬೇರೊಂದನ್ನು ಹಾಕಬೇಕಾಗುತ್ತಿತ್ತು. ಅದು ಕೈಯ ಕಷ್ಟ. ಅದರಿಂದ ಯಾರ ಬುದ್ಧಿಯೂ ಬೆಳೆಯಲಿಲ್ಲ. ಅದು ತೊಲಗಿದುದಕ್ಕೆ ಮರುಗಬೇಕಾದುದಿಲ್ಲ. ಅಂಕಿಗಳ ಅರ್ಥವನ್ನು ತಾನೇ ಊಹಿಸಿ, ತಪ್ಪಿ, ತಿದ್ದಿಕೊಂಡು ಕಲಿಯುವುದಾದರೋ ಬುದ್ಧಿಯ ಕಷ್ಟ. ಅದನ್ನು ತೆಗೆದರೆ ಆಡುವವನ ಮೇಲೆ ದಯೆ ತೋರಿದಂತಾಗಲಿಲ್ಲ, ಅವನು ಆರ್ಜಿಸಬೇಕಾಗಿದ್ದುದನ್ನು ಕಸಿದಂತಾಯಿತು. ಇಂದಿನವರು ಅಸಮರ್ಥರೆಂದು ಮೊದಲೇ ನಿರ್ಣಯಿಸಿ ಕಟ್ಟುವುದು ಅವರಿಗೆ ಮಾಡುವ ಅವಮಾನವೂ ಹೌದು. ದುಡಿದು ತಿಳಿದುಕೊಳ್ಳುವ ಸುಖವು ಒಂದು ತಲೆಮಾರಿನ ಸೊತ್ತಲ್ಲ.

ಕೃತಿಯನ್ನು ರಚಿಸಿದ ಸಂಸ್ಥೆಯೇ ಮರಳಿ ಕಟ್ಟಿರುವಾಗ ಪರರು ಪ್ರಶ್ನಿಸುವುದೇಕೆ ಎಂಬ ಮಾತೂ ಕೇಳಿಬರುವುದು. ಅಧಿಕಾರವು ನಿಸ್ಸಂದೇಹವಾಗಿ ಅವರದೇ. ಆದರೆ ಅಧಿಕಾರ ಬೇರೆ, ಔಚಿತ್ಯ ಬೇರೆ. ರಿವೆನ್ ಲೋಕವನ್ನು ನಡೆದಾಡಬಲ್ಲ ರೂಪದಲ್ಲಿ ಮರಳಿ ಕಟ್ಟಲು ‘ಸ್ಟಾರಿ ಎಕ್ಸ್‌ಪಾನ್ಸ್’ ಎಂಬ ಹೆಸರಿನಲ್ಲಿ ಅಭಿಮಾನಿಗಳ ಗುಂಪೊಂದು ವರ್ಷಗಟ್ಟಲೆ ದುಡಿದಿತ್ತು. ಕೊನೆಗೆ ಅವರ ಶ್ರಮವು ಸಯಾನ್ ಸಂಸ್ಥೆಯ ಕಾರ್ಯದಲ್ಲಿಯೇ ಬಂದು ಕೂಡಿತು. ಕೃತಿಯು ಕರ್ತೃವಿನ ಕೈಯಿಂದ ಹೊರಟ ಮೇಲೆ ಎಷ್ಟು ಮನೆಗಳಲ್ಲಿ ಬೆಳೆಯುವುದೆಂಬುದಕ್ಕೆ ಇದು ಸಾಕ್ಷಿ. ಗೆನ್ ಪಾತ್ರವನ್ನು ವಹಿಸಿದ್ದ ಜಾನ್ ಕೆಸ್ಟನ್ ಎಂಬ ನಟನು 2022ರಲ್ಲಿ ತೀರಿಕೊಂಡನು. ಹೊಸ ರಿವೆನ್‌ನಲ್ಲಿ ಆ ಪಾತ್ರದ ದೇಹವು ಯಂತ್ರವು ರೂಪಿಸಿದ ಹೊಸ ದೇಹ. ಧ್ವನಿ ಮಾತ್ರ 1997ರ ಕೆಸ್ಟನ್‌ನದೇ. ದೇಹವನ್ನು ಬದಲಿಸುವ ಅಧಿಕಾರವಿದ್ದವರು ಧ್ವನಿಯನ್ನೂ ಬದಲಿಸಬಹುದಾಗಿತ್ತು; ಬದಲಿಸಲಿಲ್ಲ. ಔಚಿತ್ಯವೆಂದರೆ ಇಂತಹ ಸಂಯಮ.

ಸಂಯಮದ ಇನ್ನೊಂದು ಮುಖವು ಹಳೆಯದನ್ನು ಅಳಿಸದಿರುವುದು. ಪಂಪಭಾರತವು ಹುಟ್ಟಿದುದರಿಂದ ವ್ಯಾಸಭಾರತವು ಮರೆಯಾಗಲಿಲ್ಲ. ಎರಡನ್ನೂ ಎದುರಿಗಿಟ್ಟು ತೂಗಿ ನೋಡಲು ಓದುವವನಿಗೆ ಅವಕಾಶವಿದೆ. ಆ ಅವಕಾಶವಿರುವವರೆಗೆ ಹೊಸದು ಹಳೆಯದರ ಸಂತಾನವಾಗಿರುವುದು; ಅವಕಾಶ ಹೋದಂದು ಅದರ ಸ್ಥಾನವನ್ನು ಅಪಹರಿಸಿದಂತಾಗುವುದು. ಈ ವಿಷಯದಲ್ಲಿ ಕೆಲಮಟ್ಟಿಗೆ ಸಮಾಧಾನವುಂಟು. ಹೊಸ ರಿವೆನ್ ಬಂದ ಬಳಿಕವೂ 1997ರ ರಿವೆನ್ ಬೇಕಾದವರಿಗೆ ದೊರೆಯುತ್ತಲಿದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ ಮೊದಲಬಾರಿಗೆ ಆರಿಸಿಕೊಂಡ 14 ವಿಡಿಯೋ ಆಟಗಳಲ್ಲಿ ಮಿಸ್ಟ್ ಕೂಡ ಒಂದು. ಹಳೆಯ ಆಟಗಳನ್ನು ಇಂದಿನ ಯಂತ್ರಗಳ ಮೇಲೆ ನಡೆಸುವ ‘ಸ್ಕಮ್‌ವಿಎಂ’ ಎಂಬ ಸಾಧನವನ್ನು ಸ್ವಯಂಸೇವಕರು ಪೋಷಿಸಿಕೊಂಡು ಬಂದಿರುವರು. ಇವರ ಕಾರ್ಯದಲ್ಲಿ ಬೆರಗುಗೊಳಿಸುವ ಹೊಸತನವಿಲ್ಲ. ಆದರೆ ಹೊಸತನಕ್ಕೆ ನಿರಪರಾಧಿಯಾಗಿರಲು ಸಾಧ್ಯವಾಗಿರುವುದು ಇಂತಹವರಿಂದಲೇ.

ಕೊನೆಯದಾಗಿ, ಹಿಂದೆ ಆಡಿದವನ ಮಾತೊಂದು ಉಳಿಯಿತು. ಅವನು ಬಯಸುವುದು ಹಳೆಯ ಬೆರಗನ್ನೇ ಮತ್ತೊಮ್ಮೆ. ಒಗಟುಗಳನ್ನು ಎಷ್ಟು ಬದಲಿಸಿದರೂ ಅದನ್ನು ಅವನಿಗೆ ಯಾರೂ ಹಿಂದಿರುಗಿಸಲಾರರು. ಆ ದ್ವೀಪವನ್ನು ಅವನು ಒಮ್ಮೆ ಅರಿತವನು, ಅರಿತುದನ್ನು ಅರಿಯದಂತೆ ಮಾಡುವ ವಿದ್ಯೆಯಿಲ್ಲ. ಅವನಿಗೆ ದೊರೆಯುವುದು ಬೆರಗಲ್ಲ, ನೆನಪು. ಅದು ಕಡಿಮೆಯಾದುದೇನೂ ಅಲ್ಲ. ಆದರೆ ಅವನಿಗೂ ಒಂದು ಹೊಣೆಯುಂಟು. ಮಕ್ಕಳಿಗೆ ಒಗಟು ಹೇಳುವ ಅಜ್ಜಿಗೆ ಉತ್ತರ ಗೊತ್ತಿದೆ. ಮಗು ತಡವರಿಸುವಾಗ ಹೇಳಿಬಿಡೋಣವೆಂದು ತುಟಿಯ ತುದಿಗೆ ಬರುತ್ತದೆ. ಅವಳು ಹೇಳುವುದಿಲ್ಲ, ಮಗುವಿನ ಮೊಗವನ್ನೇ ನೋಡುತ್ತ ಕೂರುತ್ತಾಳೆ. ಉತ್ತರವು ಹೊಳೆದಾಗ ಆ ಮೊಗದಲ್ಲಿ ಮೂಡುವ ಬೆಳಕು ಒಂದು ಕಾಲಕ್ಕೆ ಅವಳದಾಗಿದ್ದ ಬೆಳಕೇ. ಕಟ್ಟುವವರು ಎಷ್ಟು ಎಚ್ಚರದಿಂದ ಕಟ್ಟಿದರೂ, ಬಲ್ಲವರು ಬಾಯಿಬಿಟ್ಟರೆ ಒಗಟು ಅಲ್ಲಿಗೆ ಮುಗಿಯಿತು. ಆದುದರಿಂದ ಒಗಟಿನ ಜೀರ್ಣೋದ್ಧಾರವು ಅದನ್ನು ರಚಿಸಿದವರಿಂದ ಅರ್ಧ. ಉಳಿದರ್ಧವು ಬಲ್ಲವರ ಮೌನದಿಂದ.