ಭಾನುವಾರಕ್ಕೆ ಉಳಿದವರು

ಸಮ್ಮೇಳನಕ್ಕೆ ಹೋಗಿಬಂದ ತಂಡವನ್ನು ಕಂಪನಿಯವರು ಮೊದಲು ಕೇಳುವುದು, ಗಿರಾಕಿಗಳು ಎಷ್ಟು ಸಿಕ್ಕರು ಅಂತ. ಆಮೇಲೆ, ಏನು ಕಲಿತಿರೋ ಒಂದು ಪುಟದಲ್ಲಿ ಬರೆದುಕೊಡಿ ಅಂತ. ಉದ್ಯಮ ಮೇಳಗಳಿಗಾದರೆ ಈ ಲೆಕ್ಕ ಸರಿಯೇ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶದ ಸಮ್ಮೇಳನಕ್ಕೂ ಇದೇ ಅಳತೆಗೋಲು ಹಿಡಿದರೆ ಅಲ್ಲಿ ನಡೆಯುವ ಮುಖ್ಯ ಕೆಲಸವೇ ಲೆಕ್ಕದ ಹೊರಗೆ ಉಳಿಯುತ್ತದೆ.

2016ರ ಫೆಬ್ರುವರಿಯಲ್ಲಿ ಮುಂಬೈನ ಪವೈಯಲ್ಲಿರುವ ಐಐಟಿ ಆವರಣದಲ್ಲಿ ಅಂಥದೊಂದು ಸಮ್ಮೇಳನ, ಡ್ರೂಪಲ್‌ಕಾನ್ ನಡೆಯಿತು. ಏಷ್ಯಾದ ಮಟ್ಟಿಗೆ ಅದೇ ಮೊದಲ ಡ್ರೂಪಲ್‌ಕಾನ್. ಡ್ರೂಪಲ್ ಎಂಬುದು ಜಾಲತಾಣ ಕಟ್ಟುವ ತಂತ್ರಾಂಶ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಓದುತ್ತಿದ್ದ ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ಹಾಸ್ಟೆಲ್ ಗೆಳೆಯರ ನಡುವಿನ ಸುದ್ದಿ ಹಂಚಿಕೆಗೆಂದು ಬರೆದುಕೊಂಡದ್ದನ್ನು 2001ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ನಮ್ಮ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ ನಿಂತದ್ದೂ ಅದರ ಮೇಲೆಯೇ. ಬೆಂಗಳೂರಿನಲ್ಲಿ ಅದರಿಂದಲೇ ಅನ್ನ ಹುಟ್ಟಿಸಿಕೊಳ್ಳುವ ಕಂಪನಿಗಳು ಸಾಕಷ್ಟಿವೆ. ಅಂಥ ಒಂದರ ತಂಡದ ಜೊತೆ ನಾನೂ ಹೋಗಿದ್ದೆ.

ಡ್ರೂಪಲ್‌ನ ಎಂಟನೆಯ ಆವೃತ್ತಿ ಹೊರಬಂದು ಮೂರು ತಿಂಗಳಾಗಿತ್ತಷ್ಟೆ. ಅದರ ಹಿಂದೆ ನಾಲ್ಕೂವರೆ ವರ್ಷದ ದುಡಿಮೆಯಿತ್ತು, 3,000ಕ್ಕೂ ಹೆಚ್ಚು ಜನರ ಕೈಯಿತ್ತು. ಹಾಗಾಗಿ ಸಭಾಂಗಣಗಳೆಲ್ಲ ತುಂಬಿದ್ದವು. ಡ್ರೀಸ್ ಮಾತಾಡುವಾಗ ಫೋಟೊಗೆ ಎತ್ತಿದ ಮೊಬೈಲುಗಳಲ್ಲಿ ಆತನ ಮುಖವೇ ಕಾಣುತ್ತಿರಲಿಲ್ಲ. ಉಪನ್ಯಾಸಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚೆನ್ನಾಗಿದ್ದವು. ಆದರೆ ಇಂಥ ಸಮ್ಮೇಳನಗಳ ಉಪನ್ಯಾಸಗಳು ಆಮೇಲೆ ಯೂಟ್ಯೂಬಿಗೆ ಬಂದೇ ಬರುತ್ತವೆ. ಅಷ್ಟಕ್ಕೇ ಆದರೆ ಮುಂಬೈಗೆ ಹೋಗುವ ಖರ್ಚು ದಂಡ.

ಯೂಟ್ಯೂಬಿಗೆ ಬರದಿರುವುದು ಕೊನೆಯ ದಿನದ ಸ್ಪ್ರಿಂಟ್. ಅದು ಭಾನುವಾರ. ಭಾಷಣವಿಲ್ಲ, ವೇದಿಕೆಯಿಲ್ಲ. ಉದ್ದನೆ ಮೇಜುಗಳು, ನೆಲದ ತುಂಬ ವೈರುಗಳು, ಲ್ಯಾಪ್‌ಟಾಪ್ ತೆರೆದು ಕೂತ ಜನ. ಹೊಸಬರ ಗುಂಪಿಗೆ ಮಾರ್ಗದರ್ಶಕರಿರುತ್ತಾರೆ. ಸರಿಪಡಿಸಬೇಕಾದ ದೋಷಗಳ ಪಟ್ಟಿಯಲ್ಲಿ, ಅಂದರೆ ಇಶ್ಯೂ ಕ್ಯೂನಲ್ಲಿ, ಹೊಸಬರಿಗೆಂದೇ ಗುರುತು ಹಾಕಿಟ್ಟ ಸಣ್ಣಪುಟ್ಟವು ಇರುತ್ತವೆ. ಒಂದನ್ನು ಆರಿಸಿಕೊಂಡು, ಸರಿಮಾಡಿ, ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಏರಿಸಬೇಕಿತ್ತು. ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಬೆಳಗಿನ ಅರ್ಧ ಹೊತ್ತು ಲ್ಯಾಪ್‌ಟಾಪನ್ನು ಹದಕ್ಕೆ ತರುವುದರಲ್ಲೇ ಹೋಯಿತು.

ನಮ್ಮ ತಂಡದಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದ ಹುಡುಗಿಯೊಬ್ಬಳಿದ್ದಳು. ಆಫೀಸಿನ ಮೀಟಿಂಗುಗಳಲ್ಲಿ ತುಟಿ ಬಿಚ್ಚದವಳು. ಅರ್ಥವಾಗದ ಒಂದು ದೋಷಸೂಚನೆಯನ್ನು ತಿದ್ದಿ ಪ್ಯಾಚ್ ಏರಿಸಿದಳು. ತುಸು ಹೊತ್ತಿಗೆ ಯಾವುದೋ ದೇಶದ ಪರಿಶೀಲಕನೊಬ್ಬನಿಂದ ಮೂರು ಸಾಲಿನ ಟಿಪ್ಪಣಿ ಬಂತು. ಜೊತೆಗೆ ‘ನೀಡ್ಸ್ ವರ್ಕ್’, ಅಂದರೆ ಇನ್ನೂ ಕೆಲಸ ಬಾಕಿಯಿದೆ ಎಂಬ ಮುದ್ರೆ. ಅವಳ ಮುಖ ಬಾಡಿತು. ಬಾಡದೆ ಏನು? ನಮ್ಮ ಆಫೀಸುಗಳಲ್ಲಿ ಹಾಗೆ ಬರೆಸಿಕೊಂಡರೆ ಅದು ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ಬಂದು ಕೂರುತ್ತದೆ. ಮಾರ್ಗದರ್ಶಕಿ ನಕ್ಕು ತನ್ನದೇ ಹಳೆಯ ಪ್ಯಾಚೊಂದನ್ನು ತೆಗೆದು ತೋರಿಸಿದಳು. ಅದರ ಕೆಳಗೂ ಅದೇ ಮುದ್ರೆ, ಒಂದಾದ ಮೇಲೊಂದು.

ಆಮೇಲೆ ಆ ಹುಡುಗಿ ಪರಿಶೀಲಕನಿಗೆ ಎದುರುತ್ತರ ಬರೆದಳು. ನೀವು ಹೇಳಿದ ಎರಡು ಒಪ್ಪಿದೆ, ಮೂರನೆಯದು ಸರಿಯಲ್ಲ, ಯಾಕೆಂದರೆ ಹೀಗೆ. ಆತ ಒಪ್ಪಿಕೊಂಡ. ಸಂಜೆಯ ಹೊತ್ತಿಗೆ ನಮ್ಮ ತಂಡದ ಆರ್ಕಿಟೆಕ್ಟ್ ಸಾಹೇಬರು ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಪ್ಯಾಚ್ ತಯಾರಿಸುವುದು ಹೇಗೆಂದು ಕೇಳುತ್ತಿದ್ದರು. ಹತ್ತು ವರ್ಷ ಡ್ರೂಪಲ್‌ನಿಂದ ಸಂಬಳ ತಿಂದವರು ಒಂದು ಸಾಲನ್ನೂ ಅದಕ್ಕೆ ಕೊಟ್ಟಿರಲಿಲ್ಲ. ಇದು ಅವರೊಬ್ಬರ ಕಥೆಯಲ್ಲ; ನಮ್ಮ ಉದ್ಯಮದಲ್ಲಿ ಬಹುಪಾಲು ಹೀಗೆಯೇ.

ಡ್ರೂಪಲ್‌ಕಾನ್‌ಗಳಲ್ಲಿ ಸ್ಪ್ರಿಂಟ್ ದಿನ ಹೊಸಬರ ಒಂದು ಪ್ಯಾಚನ್ನು ಎಲ್ಲರೆದುರು, ಪರದೆಯ ಮೇಲೆ, ಮೂಲ ತಂತ್ರಾಂಶಕ್ಕೆ ಸೇರಿಸುವ ಪದ್ಧತಿಯಿತ್ತು. ಅವಳದಕ್ಕೆ ಆ ಭಾಗ್ಯ ಇರಲಿಲ್ಲ. ವಾರಗಳ ನಂತರ, ಯಾರೂ ನೋಡದಿದ್ದಾಗ ಸೇರಿತು. ಹೆಸರಂತೂ ದಾಖಲಾಯಿತು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಹೇಳಬೇಕೇ ಎನ್ನುವವರು 2014ರ ಅಕ್ಟೋಬರ್ 15 ನೆನೆಯಬೇಕು. ಡ್ರೂಪಲ್ 7ರಲ್ಲಿ ದೊಡ್ಡದೊಂದು ಬಿರುಕನ್ನು ಜರ್ಮನಿಯ ಸಂಸ್ಥೆಯೊಂದು ಪತ್ತೆಹಚ್ಚಿ ತಿಳಿಸಿತ್ತು. ಅಂದು ಪರಿಹಾರ ಬಿಡುಗಡೆಯಾದ ಏಳು ಗಂಟೆಯೊಳಗೆ ತಮ್ಮ ತಾಣ ಸರಿಪಡಿಸಿಕೊಳ್ಳದವರು ಅದು ಕಳ್ಳರ ಪಾಲಾಗಿದೆಯೆಂದೇ ತಿಳಿಯಬೇಕು ಎಂದು ಭದ್ರತಾ ತಂಡ ಆಮೇಲೆ ಸಾರಿತು. ಆ ತಂಡದಲ್ಲಿರುವವರು ಸ್ವಯಂಸೇವಕರು. ದುಡ್ಡು ತೆಗೆದುಕೊಂಡು ಡ್ರೂಪಲ್ ತಾಣ ಕಟ್ಟಿಕೊಡುವ ಎಷ್ಟೋ ಕಂಪನಿಗಳ ಮರ್ಯಾದೆ ಅಂದು ಉಳಿದಿದ್ದರೆ ಅದು ಇಂಥ ಬಿಟ್ಟಿ ದುಡಿಮೆಯಿಂದ.

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲಿ ಇವತ್ತು ನನ್ನ ಗದ್ದೆ ನಾಟಿಗೆ ಬಂದವನ ಗದ್ದೆಗೆ ನಾಳೆ ನಾನು ಹೋಗಲೇಬೇಕು. ಹೋಗದವನ ಗದ್ದೆಗೆ ಮರುವರ್ಷ ಯಾರೂ ಬರುವುದಿಲ್ಲ. ಓಪನ್ ಸೋರ್ಸ್‌ನಲ್ಲಿ ಈ ಶಿಕ್ಷೆಯಿಲ್ಲ. ಬರದವನಿಗೂ ಬೆಳೆಯಲ್ಲಿ ಪೂರ್ತಿ ಪಾಲು. ಅದಕ್ಕೇ ಶನಿವಾರ ಸಂಜೆ ಎಷ್ಟೋ ಕಂಪನಿಗಳ ತಂಡಗಳು, ಸಮ್ಮೇಳನದ ಟಿ-ಶರ್ಟು, ಸ್ಟಿಕರುಗಳ ಸಮೇತ, ಗಂಟುಮೂಟೆ ಕಟ್ಟಿದವು. ಟಿಕೆಟ್ ಹಾಗೆಯೇ ಮಾಡಿಸಿದ್ದರು. ಭಾನುವಾರಕ್ಕೆ ಇನ್ನೊಂದು ರಾತ್ರಿಯ ಹೋಟೆಲ್ ಖರ್ಚು ಯಾಕೆ ಎಂಬುದು ಕಂಪನಿಯ ಲೆಕ್ಕ. ನಮ್ಮವರೂ ಉಳಿಯಲು ಜಗಳವಾಡಬೇಕಾಯಿತು.

ಲೆಕ್ಕವೇ ಬೇಕೆನ್ನುವವರಿಗೆ ಲೆಕ್ಕವೂ ಇದೆ. 2015ರಿಂದ ಡ್ರೂಪಲ್ ತಾಣದಲ್ಲಿ ಪ್ರತಿ ಕೊಡುಗೆಯ ಜೊತೆ ಅದನ್ನು ಮಾಡಿದವರ ಹೆಸರಷ್ಟೇ ಅಲ್ಲ, ಅವರ ಕಂಪನಿಯ ಹೆಸರು, ದುಡ್ಡು ಕೊಟ್ಟ ಗಿರಾಕಿಯ ಹೆಸರು ಕೂಡ ದಾಖಲಿಸಬಹುದು. ಹೆಚ್ಚು ಕೊಟ್ಟ ಕಂಪನಿ ಪಟ್ಟಿಯಲ್ಲಿ ಮೇಲೆ ಬರುತ್ತದೆ, ಗಿರಾಕಿಗಳ ಕಣ್ಣಿಗೂ ಬೀಳುತ್ತದೆ. ಈ ಆಸೆಗೆ ಬಿದ್ದು ಅಲ್ಪವಿರಾಮ ತಿದ್ದಿ ಅಂಕ ಗಿಟ್ಟಿಸುವ ಜಾಣರೂ ಹುಟ್ಟಿಕೊಂಡಿದ್ದಾರೆ. ಅಂಕ ಇದ್ದಲ್ಲಿ ಅವರು ಇದ್ದೇ ಇರುತ್ತಾರೆ. ಆದರೂ ಆ ಪಟ್ಟಿ ಇರುವುದೇ ಮೇಲು.

ಮುಂದಿನ ಸಲ ತಂಡ ಕಳಿಸುವ ಮಾಲೀಕರಲ್ಲಿ ಕೇಳಿಕೊಳ್ಳುವುದಿಷ್ಟೆ: ಹಿಂದಿರುಗುವ ಟಿಕೆಟ್ಟನ್ನು ಸ್ಪ್ರಿಂಟ್ ಮುಗಿದ ರಾತ್ರಿಗೆ ಮಾಡಿಸಿ. ಸೋಮವಾರ ವರದಿ ಕೇಳುವ ಬದಲು, ಶುರು ಮಾಡಿ ಅರ್ಧಕ್ಕೆ ನಿಂತ ಪ್ಯಾಚ್ ಮುಗಿಸಲು ಶುಕ್ರವಾರದ ಮಧ್ಯಾಹ್ನ ಬಿಟ್ಟುಕೊಡಿ. ಅದು ಆಫೀಸಿನ ಹೊತ್ತಾಗಿರಲಿ, ನೌಕರರ ರಜೆಯಲ್ಲ.