ಅಕ್ಕಿಗಾಗಿ ಆಡಿದ ಸುಳ್ಳು



"ಸ್ವಾಮಿ, ರೇಷನ್ ಕಾರ್ಡಿಗಾಗಿ ವರಮಾನ ಕಡಿಮೆ ಬರೆಸಿದರೆ ಪಾಪವೇ?" ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಯಾವ ಧರ್ಮಕೇಂದ್ರದಲ್ಲಾದರೂ ಏಳಬಹುದಾದ ಪ್ರಶ್ನೆ ಇದು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆಯನ್ನು ತೋರಿಸಿ "ಹೌದು, ಪಾಪ" ಎಂದುಬಿಡುವುದು ಸುಲಭ. "ಸರ್ಕಾರದ್ದು ತಾನೇ, ಬಿಡಿ" ಎನ್ನುವುದು ಇನ್ನೂ ಸುಲಭ. ಈ ಎರಡನ್ನೂ ಬದಿಗಿಟ್ಟು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಮೊದಲು ಲೆಕ್ಕ ನೋಡೋಣ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ವರಮಾನದ ಮಿತಿ 1.20 ಲಕ್ಷ ರೂಪಾಯಿ. 2024ರ ನವೆಂಬರ್‌ನಲ್ಲಿ ಕಾರ್ಡುಗಳ ಪರಿಶೀಲನೆ ನಡೆದಾಗಲೂ ಇದೇ ಅಳತೆಗೋಲು. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಆ ಕೂಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ ತಲಾ 163 ದಿನ ದುಡಿದರೆ 1,20,620 ರೂಪಾಯಿ ಆಗುತ್ತದೆ. ಅಂದರೆ ವರ್ಷದ ಅರ್ಧದಷ್ಟು ದಿನವೂ ಕೆಲಸವಿಲ್ಲದ ಕೂಲಿ ದಂಪತಿ ಕೂಡ ಕಾಗದದ ಪ್ರಕಾರ ಬಡವರಲ್ಲ! ರಾಮನಗರದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆ ನೂಲು ತೆಗೆಯುವವರು, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು, ಮಾಗಡಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಸ್ಸು ಹತ್ತುವವರು, ಇವರೆಲ್ಲ ತಮ್ಮ ನಿಜವಾದ ದುಡಿಮೆಯನ್ನು ಹೇಳಿದರೆ ಏನಾದೀತೆಂದು ನೀವೇ ಊಹಿಸಿ. ಮನೆಯಲ್ಲಿ ಇಬ್ಬರಿದ್ದರೂ ಏಳು ಮಂದಿಯಿದ್ದರೂ ಮಿತಿ ಅದೇ.

ಕಾರ್ಡು ಹೋದರೆ ಹೋಗುವುದು 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಮಾತ್ರವಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ನಿಗದಿತ ದರದ ಶೇಕಡ 30 ಮಾತ್ರ. ಬಿಡದಿಯ ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ ಮಗನ ಸಂಬಳದ ಚೀಟಿ, ಹೃದಯದ ಕಾಯಿಲೆಯ ತಂದೆಯ ಚಿಕಿತ್ಸೆಗೇ ಅಡ್ಡ ಬರಬಹುದು. ಹೀಗಿರುವಾಗ ಆ ಮನೆಯ ತಾಯಿ ನಾಡಕಚೇರಿಯ ಮುಂದೆ ನಿಂತು ವರಮಾನ ಕಡಿಮೆ ಹೇಳಿದರೆ ಅವಳ ಮೇಲೆ ಕಲ್ಲೆಸೆಯುವ ಮೊದಲು ನಾವು ಯೋಚಿಸಬೇಕು.

ಶುಭಸಂದೇಶದಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಸಬ್ಬತ್ ದಿನ ಶಿಷ್ಯರು ತೆನೆ ಕಿತ್ತು ತಿಂದರೆಂದು ಫರಿಸಾಯರು ಆಕ್ಷೇಪಿಸಿದಾಗ, ಯೇಸುಸ್ವಾಮಿ ದಾವೀದನನ್ನು ನೆನಪಿಸಿದರು. ಹಸಿದಿದ್ದ ದಾವೀದ, ಯಾಜಕರು ಮಾತ್ರ ತಿನ್ನಬಹುದಾಗಿದ್ದ ಪವಿತ್ರ ರೊಟ್ಟಿಯನ್ನು ತಿಂದ. ಸ್ವಾಮಿ ಅದನ್ನು ತಪ್ಪೆಂದು ಹೇಳಲಿಲ್ಲ. ಹಸಿವು ನಿಯಮಕ್ಕಿಂತ ಮುಂದಿನ ಹಕ್ಕು. ಸಂತ ತೋಮಸ್ ಅಕ್ವಿನಾಸರೂ ಇದೇ ದಾರಿಯಲ್ಲಿ ಯೋಚಿಸಿ, ಪ್ರಾಣಕ್ಕೆ ಸಂಚಕಾರ ಬಂದಂಥ ಕೊರತೆಯಲ್ಲಿ ಅಗತ್ಯವಾದುದನ್ನು ತೆಗೆದುಕೊಳ್ಳುವುದು ಕಳ್ಳತನವಲ್ಲ ಎಂದು ಬೋಧಿಸಿದರು.

ಆದರೆ ಸಮುವೇಲನ ಮೊದಲ ಗ್ರಂಥವನ್ನು ತೆರೆದು ಆ ಕಥೆಯನ್ನು ಪೂರ್ತಿ ಓದಿ. ರೊಟ್ಟಿ ಪಡೆಯಲು ದಾವೀದ ಯಾಜಕ ಅಹೀಮೆಲೆಕನಿಗೆ ಸುಳ್ಳು ಹೇಳಿದ್ದ. ಅರಸನ ಗುಟ್ಟಿನ ಕೆಲಸದ ಮೇಲೆ ಬಂದಿದ್ದೇನೆ ಎಂದಿದ್ದ. ಆ ಮಾತನ್ನು ನಂಬಿ ರೊಟ್ಟಿ ಕೊಟ್ಟ ಅಹೀಮೆಲೆಕನನ್ನೂ ಅವನೊಂದಿಗೆ ಯಾಜಕರನ್ನೂ, ಒಟ್ಟು 85 ಮಂದಿಯನ್ನು, ಅರಸ ಸೌಲ ಕೊಲ್ಲಿಸಿದ. ಆ ಸಾವುಗಳಿಗೆ ತಾನೇ ಕಾರಣನಾದೆನೆಂದು ದಾವೀದ ಮುಂದೆ ಒಪ್ಪಿಕೊಂಡ. ರೊಟ್ಟಿಯ ಮೇಲೆ ಅವನಿಗೆ ಹಕ್ಕಿತ್ತು. ಸುಳ್ಳಿನ ಬೆಲೆಯನ್ನು ಮಾತ್ರ ಬೇರೆಯವರು ತೆತ್ತರು. ಅಕ್ವಿನಾಸರೂ ಅಷ್ಟೇ: ಅಗತ್ಯವಿರುವವನ ಕೈಯನ್ನು ಕ್ಷಮಿಸಿದ ಅವರು ಸುಳ್ಳಿಗೆ ಅನುಮತಿ ಕೊಡಲಿಲ್ಲ.

ನಮ್ಮಲ್ಲಿಯೂ ಸುಳ್ಳಿನ ಬೆಲೆಯನ್ನು ಬೇರೆಯವರೇ ತೆರುತ್ತಾರೆ. ಸ್ವಂತ ಓಡಾಟಕ್ಕೆ ಕಾರಿದ್ದು, ಪಟ್ಟಣದಲ್ಲಿ ದೊಡ್ಡ ಮನೆಯಿದ್ದು, ಬಿಪಿಎಲ್ ಕಾರ್ಡನ್ನೂ ಇಟ್ಟುಕೊಂಡವರು ನಮ್ಮ ನಡುವೆ ಇಲ್ಲವೇ? ಇಂಥವರ ಹೆಸರು ಹೇಳಿಕೊಂಡೇ 2024ರಲ್ಲಿ ಜರಡಿ ಹಿಡಿದದ್ದು. ಜರಡಿಯಲ್ಲಿ ಅವರ ಜೊತೆ ಕೂಲಿಯವರೂ ಉದುರಿದರು. ಜನರು ಗೋಳಿಟ್ಟ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸಲು ಸರ್ಕಾರ ಸೂಚಿಸಿತು. ಆ ನಡುವಿನ ದಿನಗಳ ಆತಂಕವನ್ನು ಯಾರು ಮರಳಿಸಿಯಾರು? ಆದ್ದರಿಂದ ಅನುಕೂಲಸ್ಥರ ಸುಳ್ಳು ಸರ್ಕಾರಕ್ಕೆ ಮಾಡಿದ ಮೋಸ ಮಾತ್ರವಲ್ಲ, ಪಕ್ಕದ ಮನೆಯ ತಟ್ಟೆಗೆ ಕೈಹಾಕಿದ ಹಾಗೆ.

ಹಾಗಾದರೆ ಬಡವರ ಸುಳ್ಳು? ಅದು ನಿಜವಾಗಿಬಿಡುವುದಿಲ್ಲ. ಸುಳ್ಳಿನ ಮೇಲೆ ನಿಂತ ಕಾರ್ಡು ಮನೆಯೊಳಗೆ ಭಯವನ್ನೂ ತರುತ್ತದೆ. ದಲ್ಲಾಳಿಗೆ ತಲೆಬಾಗಬೇಕು, ನೆರೆಯವರು ಚಾಡಿ ಹೇಳಿಯಾರೆಂದು ಅಂಜಬೇಕು, ಮಗಳ ಸಂಬಳವನ್ನು ಬಚ್ಚಿಡಬೇಕು. ಆದರೆ ಆ ತಪ್ಪಿನ ಭಾರವೆಲ್ಲ ಅವರೊಬ್ಬರದೇ ಅಲ್ಲ. ಸತ್ಯ ಹೇಳಿದವನು ಹಸಿಯಬೇಕು ಎನ್ನುವಂಥ ನಿಯಮವನ್ನು ಮಾಡಿದವರದ್ದು, ಅದನ್ನು ಗೊತ್ತಿದ್ದೂ ಸುಮ್ಮನಿರುವ ನಮ್ಮೆಲ್ಲರದ್ದು ಅದರಲ್ಲಿ ದೊಡ್ಡ ಪಾಲು. ಕಾನೂನು ಇರುವುದು ಎಲ್ಲರ ಒಳಿತಿಗಾಗಿ. ಪ್ರಾಮಾಣಿಕರನ್ನು ಸುಳ್ಳಿಗೆ ದೂಡುವ ಕಾನೂನು ತನ್ನ ಕೆಲಸವನ್ನೇ ಮರೆತಿದೆ.

ಬೇರೆ ದಾರಿ ಇಲ್ಲವೆಂದು ಹೇಳುವಂತೆಯೂ ಇಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನು ನೋಡಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದಕ್ಕೆ "ನಾನು ಬಡವಿ" ಎಂದು ಬರೆದುಕೊಡಬೇಕಾಗಿಲ್ಲ. ಅವಳೋ ಗಂಡನೋ ಆದಾಯ ತೆರಿಗೆ ಕಟ್ಟುವವರೇ, ಜಿಎಸ್‌ಟಿ ಲೆಕ್ಕ ಸಲ್ಲಿಸುವವರೇ ಎಂದಷ್ಟೇ ನೋಡುತ್ತಾರೆ. ಸುಳ್ಳಿಗೆ ಅಲ್ಲಿ ಜಾಗವೇ ಕಡಿಮೆ. ರೇಷನ್ ಕಾರ್ಡಿನ ಮಿತಿಯನ್ನೂ ಇಂದಿನ ಕೂಲಿಗೆ ತಕ್ಕಂತೆ ಏರಿಸಬಹುದು, ಮನೆಯಲ್ಲಿ ಉಣ್ಣುವ ಬಾಯಿಗಳನ್ನು ಎಣಿಸಿ ಲೆಕ್ಕ ಹಾಕಬಹುದು, ವರಮಾನ ತುಸು ಹೆಚ್ಚಿದೊಡನೆ ಎಲ್ಲವನ್ನೂ ಕಿತ್ತುಕೊಳ್ಳದೆ ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದು.

ಪ್ರಿಯರೇ, ನಾವು ಮಾಡಬೇಕಾದದ್ದು ಇಷ್ಟು. ಅನುಕೂಲವಿದ್ದೂ ಕಾರ್ಡು ಇಟ್ಟುಕೊಂಡವರು ಯಾರ ಒತ್ತಾಯಕ್ಕೂ ಕಾಯದೆ ಆಹಾರ ಇಲಾಖೆಗೆ ಹಿಂದಿರುಗಿಸಲಿ. ಜಕ್ಕಾಯನು ನಾಲ್ಕು ಪಟ್ಟು ಕೊಡಲು ಮುಂದಾದ, ನಿಮ್ಮನ್ನು ಕೇಳುತ್ತಿರುವುದು ಒಂದು ಕಾರ್ಡನ್ನು ಮಾತ್ರ. ಓದುಬರಹ ಬಲ್ಲ ಯುವಕ ಯುವತಿಯರು, ಕಚೇರಿಗೆ ಒಬ್ಬರೇ ಹೋಗಲು ಅಂಜುವ ವೃದ್ಧರ, ವಿಧವೆಯರ ಜೊತೆಗೆ ಹೋಗಲಿ. ದಲ್ಲಾಳಿಯ ಸುಳ್ಳಿಗಿಂತ ಜೊತೆಗಾರರ ಬಲ ದೊಡ್ಡದು. ಕೂಲಿಯವರು ನಿಜವಾದ ವರಮಾನವನ್ನು ಹೇಳುವಾಗ ಅವರ ಪರವಾಗಿ ಊರೇ ನಿಲ್ಲಲಿ. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ, ಮಿತಿ ಏರಿಸಿ ಎಂದು ಎಲ್ಲರೂ ಸೇರಿ ಕೇಳೋಣ. ಅಷ್ಟರಲ್ಲಿ ಸತ್ಯ ಹೇಳಿ ಕಾರ್ಡು ಕಳೆದುಕೊಂಡ ಮನೆಯೊಂದು ನಿಮ್ಮ ಬೀದಿಯಲ್ಲಿದ್ದರೆ, ಅವರ ಅಕ್ಕಿ ಡಬ್ಬ ಖಾಲಿಯಾಗದಂತೆ ನೋಡಿಕೊಳ್ಳುವ ಹೊಣೆ ಆ ಬೀದಿಯದು.