ಇನ್ಸುಲಿನ್ ಮತ್ತು ಅಹಿಂಸೆ

ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ನನ್ನು 1922ರಿಂದ ಹಲವು ದಶಕಗಳ ಕಾಲ, ವಧೆಯಾದ ದನ-ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯಲಾಗುತ್ತಿತ್ತು. ಅಹಿಂಸಾವ್ರತಿಯಾದ ರೋಗಿಗೆ ಅದು ಧರ್ಮಸಂಕಟ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ಜೀನನ್ನು ಕೃತಕವಾಗಿ ರಚಿಸಿ, ಈ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಸೇರಿಸಿ, ಅದರಿಂದ ಇನ್ಸುಲಿನ್ ಪಡೆದರು. 1982ರಲ್ಲಿ ಆ ಔಷಧಕ್ಕೆ ಅಲ್ಲಿ ಮಾನ್ಯತೆ ದೊರೆಯಿತು. ಪಂಚೇಂದ್ರಿಯ ಜೀವಿಗಳ ವಧೆಯಿಲ್ಲದೆ ಔಷಧ ಸಾಧ್ಯವಾಯಿತು.

ಆದರೆ ಬ್ಯಾಕ್ಟೀರಿಯಾವೂ ಜೀವವಲ್ಲವೇ? ಇನ್ಸುಲಿನ್ ತೆಗೆಯಲು ಅಸಂಖ್ಯ ಕೋಶಗಳನ್ನು ಒಡೆಯಬೇಕು. ಅವನ್ನು ಏಕೇಂದ್ರಿಯಗಳೆಂದು ಎಣಿಸಿದರೂ ಹಿಂಸೆ ಶೂನ್ಯವಾಗದು.

ಒಂದೇ ಅಮೈನೋ ಆಮ್ಲವನ್ನು ಸೂಚಿಸುವ ಸಂಕೇತಗಳು ಹಲವಿರಬಹುದು. ಪರಕೀಯ ಜೀನಿನಲ್ಲಿ ಬ್ಯಾಕ್ಟೀರಿಯಾ ವಿರಳವಾಗಿ ಬಳಸುವ ಸಂಕೇತಗಳಿದ್ದರೆ ಪ್ರೋಟೀನಿನ ತಯಾರಿಕೆ ಕುಂಠಿತವಾಗಬಹುದು. ಅವುಗಳ ಸ್ಥಾನದಲ್ಲಿ ಅದಕ್ಕೆ ರೂಢಿಯಾದ ಸಮಾನಾರ್ಥಕ ಸಂಕೇತಗಳನ್ನಿಟ್ಟರೆ ಇಳುವರಿ ಅನೇಕ ವೇಳೆ ಹೆಚ್ಚುತ್ತದೆ. ಪ್ರೋಟೀನು ಮಾತ್ರ ಬದಲಾಗದು. ಉತ್ಪಾದಕನಿಗೆ ಇದು ಲಾಭ. ವಿವೇಕಿಗೆ ಇದರ ಅರ್ಥ ಬೇರೆ: ಅಷ್ಟೇ ಔಷಧಕ್ಕೆ ಕಡಿಮೆ ಜೀವಗಳು ಸಾಕು.

ಶ್ರಾವಕನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು. ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ಅಲ್ಪವಾಗಿಸಬೇಕು. ‘ಸೂಕ್ಷ್ಮಜೀವಿ ತಾನೇ’ ಎಂಬ ಉದಾಸೀನವು ಪ್ರಮಾದ. ಹಿಂಸೆಯ ನೆಪದಿಂದ ರೋಗಿಯನ್ನು ಸಾಯಗೊಡುವುದು ದಯೆಯಲ್ಲ. ಹೆಚ್ಚಿದ ಇಳುವರಿ ರೋಗಿಯ ಅಗತ್ಯಕ್ಕೆ ಸಂದರೆ ಅದು ಅಹಿಂಸೆಯತ್ತ ಇಟ್ಟ ಹೆಜ್ಜೆ. ಅನಾವಶ್ಯಕ ಭೋಗವಸ್ತುಗಳ ತಯಾರಿಕೆಗೆ ಹರಿದರೆ ಅದೂ ಪರಿಗ್ರಹವೇ.